ಬೇವಿನ ಮರದಲ್ಲೇ ಹಿಡಿಯಬೇಕು ಗೊಣ್ಣೆಹುಳು

ಮಳೆ ಹದವಾಗಿ ಬಿದ್ದಿದೆ, ಮಣ್ಣಿನಲ್ಲಿ ತೇವ ಇದೆ, ಅಕ್ಕಪಕ್ಕದ ಸಾಲುಗಳು ಹಸಿರಾಗಿಯೇ ಇವೆ. ಆದರೂ ಹೊಲದ ನಡುವೆ ನಾಲ್ಕು ಮಾರು ಜಾಗದಲ್ಲಿ ಕಡಲೆಕಾಯಿ ಗಿಡ ಬಾಡಿ ನಿಂತಿದೆ. ವಾರ ಬಿಟ್ಟು ಹೋಗಿ ನೋಡಿದರೆ ಬಾಡಿದ ಜಾಗ ಇನ್ನಷ್ಟು ಅಗಲವಾಗಿದೆ. ಪಾವಗಡ, ಸಿರಾ, ಮಧುಗಿರಿ ಸೀಮೆಯ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಆಶ್ಲೇಷ, ಮಖೆ ಮಳೆಯ ಹೊತ್ತಿಗೆ ಈ ದೂರು ಕೇಳಿಬರುತ್ತದೆ. ಪೇಟೆಯಲ್ಲಿ ಮನೆ ಕಟ್ಟಿಸಿ ಮುಂದೆ ಹುಲ್ಲುಹಾಸು ಬೆಳೆಸಿದವರ ಗೋಳೂ ಇದೇ. ಎಷ್ಟು ನೀರು ಬಿಟ್ಟರೂ ಹುಲ್ಲು ಅಲ್ಲಲ್ಲಿ ಕಂದುಗಟ್ಟುತ್ತದೆ, ಬೆಳಗಾದರೆ ಕಾಗೆ, ಗೊರವಂಕಗಳು ಅದೇ ಜಾಗವನ್ನು ಕೆದಕುತ್ತಿರುತ್ತವೆ.

ಎರಡು ಕಡೆಯೂ ಕಳ್ಳ ಒಬ್ಬನೇ: ಗೊಣ್ಣೆಹುಳು. ಬೇರುಹುಳು ಅಂತಲೂ ಕರೆಯುತ್ತಾರೆ. ಪಾವಗಡದ ಕಡೆ ತೆಲುಗು ಮನೆಮಾತಿನವರಿಗೆ ಇದು ವೇರು ಪುರುಗು. ಆಗಸ್ಟ್‌ನಲ್ಲಿ ಗಿಡ ಬಾಡಿದ ಮೇಲೆ ಔಷಧದ ಅಂಗಡಿಗೆ ಓಡುವವರೇ ಹೆಚ್ಚು. ಆದರೆ ಈ ಹುಳುವನ್ನು ಕಡಿಮೆ ಖರ್ಚಿನಲ್ಲಿ, ಖಚಿತವಾಗಿ ಹಿಡಿಯುವ ಹೊತ್ತು ಅದಲ್ಲ. ಮೊದಲ ಹದ ಮಳೆ ಬಿದ್ದ ಮೇಲಿನ ನಾಲ್ಕಾರು ರಾತ್ರಿಗಳೇ ಆ ಹೊತ್ತು, ಜಾಗ ಬೇವಿನ ಮರ.

ಪಾವಗಡ ತಾಲ್ಲೂಕಿನ ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಹಳ್ಳಿಗಳಲ್ಲಿ ಸುಮಾರು 13 ಸಾವಿರ ಎಕರೆ ಭೂಮಿ ಸೌರ ವಿದ್ಯುತ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಅಂಥ ಕಡೆ ಉಳಿದ ತುಂಡು ಹೊಲದ ಫಸಲು ಮನೆಗೆ ಎಷ್ಟು ಮುಖ್ಯ ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ಹುಳುವಿನ ಒಂದು ವರ್ಷ

ನಮ್ಮ ಬಯಲುಸೀಮೆಯಲ್ಲಿ ಹೆಚ್ಚಾಗಿ ಕಾಟ ಕೊಡುವುದು ಹೊಲೊಟ್ರಿಕಿಯ ಸೆರೇಟಾ ಎಂಬ ಜಾತಿಯ ದುಂಬಿಯ ಮರಿ. ರಾಜಸ್ಥಾನ, ಗುಜರಾತಿನ ಕಡಲೆಕಾಯಿ ಸೀಮೆಯನ್ನು ಕಾಡುವುದು ಇದರ ದಾಯಾದಿ, ಹೊಲೊಟ್ರಿಕಿಯ ಕನ್ಸಾಂಗಿನಿಯ. ಎರಡಕ್ಕೂ ವರ್ಷಕ್ಕೆ ಒಂದೇ ಪೀಳಿಗೆ. ಇದೊಂದು ಸಂಗತಿ ನೆನಪಿದ್ದರೆ ಸಾಕು, ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಬೇಸಿಗೆಯಿಡೀ ದುಂಬಿ ಮಣ್ಣಿನ ಆಳದಲ್ಲಿ ಮಿಸುಕದೆ ಕೂತಿರುತ್ತದೆ. ಭರಣಿಯೋ ಕೃತ್ತಿಕೆಯೋ ಒಂದು ಹದ ಮಳೆ ಬಿದ್ದು ಮಣ್ಣು ಮೆತ್ತಗಾದ ಸಂಜೆ, ಕತ್ತಲಾಗುತ್ತಿದ್ದಂತೆ ಏಳು, ಏಳೂವರೆ ಗಂಟೆಗೆ ಹೊರಬರುತ್ತದೆ. ಹತ್ತಿರದ ಬೇವು, ಜಾಲಿ, ಬೋರೆ ಮರಕ್ಕೆ ಹಾರಿ ಅಲ್ಲೇ ಜೋಡಿಯಾಗಿ, ರಾತ್ರಿಯೆಲ್ಲ ಎಲೆ ತಿಂದು, ಬೆಳಕು ಹರಿಯುವ ಮುನ್ನ ಮತ್ತೆ ಮಣ್ಣು ಸೇರುತ್ತದೆ. ಕೆಲವು ದಿನ ಕಳೆದ ಮೇಲೆ ಹೆಣ್ಣು ದುಂಬಿ ತೇವದ ಮಣ್ಣಿನಲ್ಲಿ ಎರಡು ಮೂರು ಅಂಗುಲ ಕೆಳಗೆ ಬಿಳಿ ಮೊಟ್ಟೆ ಇಡುತ್ತದೆ. ಹತ್ತು ದಿನದ ಆಚೀಚೆ ಮೊಟ್ಟೆ ಒಡೆಯುತ್ತದೆ.

ಮರಿ ಎರಡು ಸಲ ಪೊರೆ ಕಳಚಿ ಮೂರನೆಯ ಹಂತಕ್ಕೆ ಬರುತ್ತದೆ. ಮೊದಲ ಹಂತದಲ್ಲಿ ಕೊಳೆತ ಕಸಕಡ್ಡಿ, ಎಳೆ ಬೇರು ಅದರ ಆಹಾರ. ಆಗ ಹೊಲದಲ್ಲಿ ಏನೂ ಕಾಣುವುದಿಲ್ಲ. ಮೂರನೆಯ ಹಂತಕ್ಕೆ ಬಂದಾಗ ಆಗಸ್ಟ್, ಸೆಪ್ಟೆಂಬರ್. ಆಗಲೇ ಅದು ತಾಯಿಬೇರನ್ನೇ ಕತ್ತರಿಸುವುದು, ಒಂದು ಗಿಡ ಮುಗಿಸಿ ಸಾಲಿನಲ್ಲಿ ಮುಂದಿನ ಗಿಡಕ್ಕೆ ಹೋಗುವುದು. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ದಪ್ಪಗೆ ಬಲಿತು, ಯಾವ ಔಷಧಕ್ಕೂ ಬೇಗ ಬಗ್ಗದ ಸ್ಥಿತಿಯಲ್ಲಿರುತ್ತದೆ. ಬಲಿತ ಹುಳು ಆಳಕ್ಕಿಳಿದು ಕೋಶವಾಗಿ, ಮತ್ತೆ ದುಂಬಿಯಾಗಿ ಮುಂದಿನ ಮಳೆಗೆ ಕಾಯುತ್ತದೆ.

ಕಡಲೆಕಾಯಿಗೆ ಇರುವುದು ಒಂದೇ ತಾಯಿಬೇರು. ಅದು ಹೋದರೆ ಗಿಡ ಹೋಯಿತು. ಹುಲ್ಲಿಗೆ ಜೊಂಪೆ ಬೇರು, ಮೇಲೆ ಹಬ್ಬುವ ಬಳ್ಳಿ ಬೇರೆ ಇರುವುದರಿಂದ ಅದು ಸ್ವಲ್ಪ ಕಾಟವನ್ನು ತಡೆದುಕೊಂಡು ಮತ್ತೆ ಚಿಗುರುತ್ತದೆ. ಹೊಲಕ್ಕೂ ಹುಲ್ಲುಹಾಸಿಗೂ ಉಪಾಯ ಬೇರೆಯಾಗುವುದು ಇದಕ್ಕೇ.

ಗೊಣ್ಣೆಹುಳುವೇ ಹೌದೇ?

ಬಾಡಿದ ಗಿಡವೆಲ್ಲ ಗೊಣ್ಣೆಹುಳುವಿನ ಕೆಲಸವಲ್ಲ. ಮೊದಲು ಒಂದು ಗಿಡವನ್ನು ಬುಡ ಹಿಡಿದು ಮೆಲ್ಲಗೆ ಎಳೆಯಿರಿ.

ತೊಂದರೆಯಿಲ್ಲದೆ ಕೈಗೆ ಬಂದು, ಬೇರು ಕತ್ತರಿಸಿದ ಹಾಗೆ ಮೊಟಕಾಗಿದ್ದರೆ ಗೊಣ್ಣೆಹುಳು. ಬೇರಿನ ಒಳಗೆ ಪೊಳ್ಳಾಗಿ ಮಣ್ಣು ತುಂಬಿದ್ದರೆ ಗೆದ್ದಲು. ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು, ಅದರ ನಡುವೆ ಸಾಸಿವೆ ಗಾತ್ರದ ಕಂದು ಗುಂಡುಗಳಿದ್ದರೆ ಬುಡ ಕೊಳೆ ರೋಗ. ಅದಕ್ಕೆ ಕೀಟನಾಶಕ ಹೊಯ್ದರೆ ದುಡ್ಡು ದಂಡ. ಬೇರು ಗಟ್ಟಿಯಾಗಿದ್ದು ಇಡೀ ಹೊಲ ಒಂದೇ ಸಮ ಬಾಡಿದ್ದರೆ ಮಳೆಯ ಕೊರತೆ. ಗೊಣ್ಣೆಹುಳು ಯಾವತ್ತೂ ತೇಪೆ ತೇಪೆಯಾಗಿ ತಿನ್ನುತ್ತದೆ.

ಎಳೆದು ನೋಡಿದ ಮೇಲೆ ಅಗೆದು ನೋಡಿ. ಪೂರ್ತಿ ಒಣಗಿದ ಜಾಗದ ನಡುವೆ ಅಗೆಯಬೇಡಿ, ಹುಳು ಅಲ್ಲಿಂದ ಮುಂದೆ ಹೋಗಿರುತ್ತದೆ. ಹಸಿರು ಮತ್ತು ಕಂದು ಕೂಡುವ ಅಂಚಿನಲ್ಲಿ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಗೇಣುದ್ದ ಆಳ ಅಗೆದು ಮಣ್ಣನ್ನು ಗೋಣಿಚೀಲದ ಮೇಲೆ ಹರಡಿ. ಹುಳು ಮೈ ಮುದುಡಿ ಬಿಲ್ಲಿನಂತೆ ಬಾಗಿರುತ್ತದೆ. ಮೈ ಕೆನೆ ಬಿಳುಪು, ತಲೆ ಕಂದು, ಎದೆಯ ಬಳಿ ಮೂರು ಜೊತೆ ಕಾಲು. ಹಿಂಬದಿ ಊದಿಕೊಂಡು ಒಳಗಿನ ಮಣ್ಣು ಕಪ್ಪಗೆ ಕಾಣುತ್ತದೆ. ಬಲಿತದ್ದು ಒಂದೂವರೆ ಅಂಗುಲದವರೆಗೂ ಇರುತ್ತದೆ. ಹೊಲದಲ್ಲಿ ಇಂಥ ನಾಲ್ಕೈದು ಕಡೆ ಅಗೆದು ಲೆಕ್ಕ ಹಾಕಿ. ಕಡಲೆಕಾಯಿಯಲ್ಲಿ ಚದರ ಮೀಟರಿಗೆ ಒಂದು ಹುಳು ಇದ್ದರೂ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆರೋಗ್ಯವಾದ ಹುಲ್ಲುಹಾಸು ಚದರ ಅಡಿಗೆ ನಾಲ್ಕೈದು ಹುಳುವರೆಗೆ ತಡೆದುಕೊಳ್ಳುತ್ತದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ತಿಪ್ಪೆಗುಂಡಿ ಕೆದಕಿದಾಗ ಕಾಣುವ ಹುಳುಗಳೆಲ್ಲ ಬೇರು ತಿನ್ನುವ ಹುಳುಗಳಲ್ಲ. ಹೆಬ್ಬೆರಳಿಗಿಂತ ದಪ್ಪ, ಎರಡೂವರೆ ಮೂರು ಅಂಗುಲ ಉದ್ದದ್ದು ಕುರುವಾಯಿ ದುಂಬಿಯ ಮರಿ. ಅದು ಬೇರಿಗೆ ಬಾಯಿ ಹಾಕುವುದಿಲ್ಲ, ಆದರೆ ದುಂಬಿಯಾದ ಮೇಲೆ ತೆಂಗಿನ ಸುಳಿ ಕೊರೆಯುತ್ತದೆ. ಕೊರಟಗೆರೆ, ಸಿರಾ ಕಡೆ ತೆಂಗು ಇರುವವರು ಅದನ್ನು ಆರಿಸಿ ಕೊಲ್ಲಲೇಬೇಕು. ಇನ್ನೊಂದು ಜಾತಿಯ ಮರಿಯನ್ನು ಬಯಲಿನಲ್ಲಿ ಬಿಟ್ಟರೆ ಕಾಲು ಮೇಲೆ ಮಾಡಿ ಬೆನ್ನಿನ ಮೇಲೆ ತೆವಳುತ್ತದೆ. ನಿಜಕ್ಕೂ ನೋಡುವಂಥದು. ಹಾಗೆ ತೆವಳಿದರೆ ಅದು ಹೂದುಂಬಿಯ ಮರಿ, ಕಸವನ್ನು ಗೊಬ್ಬರ ಮಾಡಿಕೊಡುತ್ತದೆ. ಅದನ್ನು ತಿಪ್ಪೆಗೇ ವಾಪಸ್ ಬಿಡಿ.

ಮೊದಲ ಮಳೆಯ ರಾತ್ರಿಗಳು

ಬೇವಿನ ಸೊಪ್ಪು ಕಹಿ, ಅದನ್ನು ಯಾವ ಹುಳವೂ ಮುಟ್ಟುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಈ ದುಂಬಿಯ ಮಟ್ಟಿಗೆ ಅದು ಸುಳ್ಳು. ಬೇವೇ ಅದಕ್ಕೆ ಬಲು ಇಷ್ಟ. ಮೊದಲ ಮಳೆಯ ಮಾರನೆಯ ಬೆಳಗ್ಗೆ ಬದುವಿನ ಬೇವಿನ ಮರ ನೋಡಿ. ಎಲೆ ಅಂಚಿನಿಂದ ಒಳಕ್ಕೆ ತಿಂದುಹೋಗಿ ನಡುನರ ಮಾತ್ರ ಉಳಿದಿದ್ದರೆ, ಮರದಡಿ ಹಿಕ್ಕೆ ಬಿದ್ದಿದ್ದರೆ ದುಂಬಿ ಬಂದಾಗಿದೆ ಅಂತ ಅರ್ಥ.

ಒಂದು ಹೆಣ್ಣು ದುಂಬಿ ಸತ್ತರೆ ಅದು ಇಡಬೇಕಿದ್ದ ಹತ್ತಾರು ಮೊಟ್ಟೆಗಳೂ ಇಲ್ಲವಾಗುತ್ತವೆ. ಹೊಲದ ತುಂಬ ಹಂಚಿಹೋಗುವ ಹುಳುಗಳ ತಾಯಂದಿರೆಲ್ಲ ಆಗ ನಾಲ್ಕಾರು ಮರಗಳ ಮೇಲೆ ಒಟ್ಟಾಗಿ ಸಿಗುತ್ತವೆ. ವರ್ಷದಲ್ಲಿ ಇಂಥ ಅವಕಾಶ ಮತ್ತೆ ಬರುವುದಿಲ್ಲ. ಮಾಡಬೇಕಾದದ್ದು ಇಷ್ಟು:

1. ಏಪ್ರಿಲ್ ಮುಗಿಯುವುದರೊಳಗೆ ನಿಮ್ಮ ಹೊಲದ ಸುತ್ತಲಿನ ಬೇವು, ಜಾಲಿ, ಬೋರೆ ಮರಗಳನ್ನು ಗುರುತಿಟ್ಟುಕೊಳ್ಳಿ. ಕೈಗೆ ಸಿಗದಷ್ಟು ಹರಡಿದ ರೆಂಬೆಗಳನ್ನು ಸವರಿ ಇಟ್ಟರೆ ದುಂಬಿ ಸೇರುವ ಜಾಗ ಕಡಿಮೆಯಾಗುತ್ತದೆ, ಅಲ್ಲಾಡಿಸುವುದೂ ಸುಲಭ.

2. ನೆಲ ನೆನೆಯುವಂಥ ಮೊದಲ ಮಳೆ ಬಿದ್ದ ದಿನವೇ ಶುರು ಮಾಡಿ. ನಾಲ್ಕು ಹನಿ ಉದುರಿದರೆ ದುಂಬಿ ಏಳುವುದಿಲ್ಲ.

3. ರಾತ್ರಿ ಎಂಟರ ಹೊತ್ತಿಗೆ ಮರದಡಿ ಹಳೆಯ ಸೀರೆ ಅಥವಾ ಟಾರ್ಪಾಲು ಹಾಸಿ. ತುದಿಗೆ ಕೊಕ್ಕೆ ಕಟ್ಟಿದ ಉದ್ದನೆಯ ಗಳುವಿನಿಂದ ರೆಂಬೆ ಹಿಡಿದು ಜೋರಾಗಿ ಅಲ್ಲಾಡಿಸಿ. ಜೋಡಿಯಾಗಿ ಎಲೆಗೆ ಕಚ್ಚಿಕೊಂಡ ದುಂಬಿಗಳು ಟಪಟಪನೆ ಉದುರುತ್ತವೆ. ಕಂದು ಬಣ್ಣ, ಮುಕ್ಕಾಲು ಅಂಗುಲ ಉದ್ದ. ಕಚ್ಚುವುದಿಲ್ಲ.

4. ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್ಟಿಗೆ ಹಾಕಿ. ಸೀಮೆಎಣ್ಣೆ ಸಿಗದಿದ್ದರೆ ಸೋಪಿನ ನೀರು ಆದೀತು.

5. ಮೊದಲ ನಾಲ್ಕೈದು ರಾತ್ರಿ ಬಿಡದೆ ಮಾಡಿ. ಆಮೇಲೆ ಎರಡು ಮೂರು ವಾರ, ಮಳೆ ಬಿದ್ದ ಸಂಜೆಗಳಲ್ಲೆಲ್ಲ ಮತ್ತೊಮ್ಮೆ.

ಇದು ಒಬ್ಬರ ಕೆಲಸವಲ್ಲ. ನೀವು ಹಿಡಿದು ಪಕ್ಕದ ಹೊಲದವರು ಬಿಟ್ಟರೆ ಅವರ ಮರದ ದುಂಬಿ ನಿಮ್ಮ ಹೊಲದಲ್ಲೇ ಮೊಟ್ಟೆ ಇಟ್ಟೀತು. ಸ್ತ್ರೀಶಕ್ತಿ ಸಂಘ, ಹಾಲಿನ ಡೇರಿ, ಯುವಕ ಸಂಘ, ಯಾವುದಿದ್ದರೆ ಅದರ ಮೂಲಕ ಮಳೆಗೆ ಮುಂಚೆಯೇ ಮಾತಾಡಿಕೊಂಡು ಊರಿನವರೆಲ್ಲ ಒಂದೇ ವಾರ ಇಳಿಯಬೇಕು. ಮಕ್ಕಳಿಗೆ ಇದು ಹಬ್ಬ. ಆದರೆ ರಾತ್ರಿಯ ಹೊಲ, ಮೊದಲ ಮಳೆ, ಹಾವು ಚೇಳು ಹೊರಬರುವ ಕಾಲ. ಬೂಟು, ಬ್ಯಾಟರಿ ಇಲ್ಲದೆ ಯಾರೂ ಹೋಗಬಾರದು. ವಿದ್ಯುತ್ ತಂತಿ ಹಾದುಹೋದ ಮರಕ್ಕೆ ಗಳು ಎತ್ತಲೇಬಾರದು.

ಮರಕ್ಕೆ ಔಷಧ ಸಿಂಪಡಿಸುವ ಶಿಫಾರಸೂ ಇದೆ. ನನ್ನ ಮಟ್ಟಿಗೆ ಊರೊಳಗಿನ ಮರ, ಕಟ್ಟೆಯ ಮರ, ಕೆರೆ ಏರಿಯ ಮರಕ್ಕೆ ಅದು ಬೇಡ. ಅದರಡಿ ಜನ ಕೂರುತ್ತಾರೆ, ಕುರಿ ಮೇಕೆ ಸೊಪ್ಪು ತಿನ್ನುತ್ತವೆ, ಬೇವು ಹೂ ಬಿಟ್ಟಿದ್ದರೆ ಜೇನು ಬರುತ್ತದೆ.

ಬಿತ್ತನೆಯ ಹೊತ್ತಿಗೆ

ದುಂಬಿ ಹಿಡಿದರೂ ಕೆಲವು ತಪ್ಪಿಸಿಕೊಂಡೇ ಇರುತ್ತವೆ. ಹಿಂದಿನ ವರ್ಷ ಕಾಟವಿದ್ದ ಹೊಲವಾದರೆ ಬೀಜೋಪಚಾರ ಬೇಕು. ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಅನ್ನು ಕೆ.ಜಿ. ಬೀಜಕ್ಕೆ 2 ಮಿ.ಲೀ. ಲೆಕ್ಕದಲ್ಲಿ ಬಳಸುವುದು ರೂಢಿ. ಕೊಳ್ಳುವ ಮುನ್ನ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷದ ಶಿಫಾರಸು ಕೇಳಿಕೊಳ್ಳಿ. ಬೇರು ಮೊಳೆತ ದಿನದಿಂದಲೇ ಅದರ ಸುತ್ತ ಔಷಧ ಇರುವುದರಿಂದ, ಎಳೆ ಹುಳು ಬಾಯಿ ಹಾಕಿದಾಗಲೇ ಸಾಯುತ್ತದೆ. ಬೀಜೋಪಚಾರ ಕೆಲಸ ಮಾಡುವುದು ಹೀಗೆ.

ಟಾರ್ಪಾಲಿನ ಮೇಲೆ ಬೀಜ ಹರಡಿ, ಔಷಧವನ್ನು ಸ್ವಲ್ಪವೇ ನೀರಿನಲ್ಲಿ ಕಲಸಿ ಚಿಮುಕಿಸಿ, ಟಾರ್ಪಾಲಿನ ಎರಡು ತುದಿ ಹಿಡಿದು ಬೀಜವನ್ನು ಹೊರಳಾಡಿಸಿ. ಕೈಯಿಂದ ಉಜ್ಜಬೇಡಿ, ನೀರು ಜಾಸ್ತಿ ಮಾಡಬೇಡಿ. ಕಡಲೆಬೀಜದ ಕೆಂಪು ಸಿಪ್ಪೆ ಸುಲಿದರೆ ಮೊಳಕೆ ಕೆಡುತ್ತದೆ. ನೆರಳಿನಲ್ಲಿ ಆರಿಸಿ ಆವತ್ತೇ ಬಿತ್ತಿ. ಶಿಲೀಂಧ್ರನಾಶಕ ಹಾಕುವುದಿದ್ದರೆ ಅದು ಮೊದಲು, ಕೀಟನಾಶಕ ಆಮೇಲೆ, ರೈಜೋಬಿಯಂ ಕೊನೆಗೆ. ಕೈಗವಸು ಹಾಕಿಕೊಳ್ಳಿ. ಔಷಧ ಹಚ್ಚಿ ಉಳಿದ ಬೀಜವನ್ನು ಗಾಣಕ್ಕೆ ಕೊಡುವುದು, ಹುರಿಯುವುದು, ಕೋಳಿಗೆ ಎಸೆಯುವುದು ಪ್ರಾಣಕ್ಕೆ ಅಪಾಯ. ಕಡಲೆಬೀಜ ಕಂಡರೆ ಮಕ್ಕಳ ಕೈ ಸುಮ್ಮನಿರುವುದಿಲ್ಲ, ಹಾಗಾಗಿ ಬಿತ್ತುವಷ್ಟಕ್ಕೇ ಹಚ್ಚಿ, ಮಿಕ್ಕರೆ ಹೂತುಬಿಡಿ.

ಜೈವಿಕ ದಾರಿಯೂ ಇದೆ. ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ರಷ್ಯಾದ ವಿಜ್ಞಾನಿ ಇಲ್ಯಾ ಮೆಚ್ನಿಕೋಫ್ 1879ರಲ್ಲಿ ಗೋಧಿ ದುಂಬಿಯ ಮೇಲೆ ಕಂಡು ಕೀಟ ಹತೋಟಿಗೆ ಪ್ರಯೋಗಿಸಿದ. ಅದರ ಬೀಜಕ ಹುಳುವಿನ ಚರ್ಮ ಕೊರೆದು ಒಳಗೆ ಬೆಳೆಯುತ್ತದೆ. ಸತ್ತ ಹುಳು ಮೊದಲು ಬಿಳಿ ಬೂಷ್ಟು ಹಿಡಿದು ಆಮೇಲೆ ಪಾಚಿ ಹಸಿರಾಗುತ್ತದೆ. ಅಂಥದೊಂದು ಹುಳು ಮಣ್ಣಿನಲ್ಲಿ ಸಿಕ್ಕರೆ ಔಷಧ ಹಿಡಿದಿದೆ ಅಂತ ನೆಮ್ಮದಿಯಾಗಿರಬಹುದು. ಎಕರೆಗೆ 2 ಕೆ.ಜಿ. ಪುಡಿಯನ್ನು 100ರಿಂದ 200 ಕೆ.ಜಿ. ಚೆನ್ನಾಗಿ ಕಳಿತ ಗೊಬ್ಬರಕ್ಕೆ ಬೆರೆಸಿ, ನೆರಳಿನಲ್ಲಿ ತೇವವಾಗಿಟ್ಟು ವಾರ ಹತ್ತು ದಿನ ಬಿಟ್ಟು ಬಿತ್ತನೆಗೆ ಮುಂಚೆ ಮಣ್ಣಿಗೆ ಸೇರಿಸಿ. ಒಣ ಮಣ್ಣಿನಲ್ಲಿ ಇದು ಕೆಲಸ ಮಾಡದು, ಶಿಲೀಂಧ್ರನಾಶಕದ ಜೊತೆ ಬೆರೆಸಿದರೆ ಸತ್ತೇಹೋಗುತ್ತದೆ. ಫಲ ಕಾಣಲು ವಾರಗಳೇ ಬೇಕು. ಬೇವಿನ ಹಿಂಡಿಯನ್ನು ಎಕರೆಗೆ 200 ಕೆ.ಜಿ. ಹಾಕುವುದು ಮಣ್ಣಿಗೂ ಒಳ್ಳೆಯದು, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಕೊಯ್ಲಾದ ಮೇಲೆ ಮಾಗಿ ಉಳುಮೆಯನ್ನು ತಪ್ಪಿಸಬೇಡಿ. ಬೆಳಗಿನ ಹೊತ್ತು ಆಳವಾಗಿ ಉತ್ತರೆ ಬೆಳ್ಳಕ್ಕಿ, ಕಾಗೆಗಳು ನೇಗಿಲ ಹಿಂದೆಯೇ ಬಂದು ಮೇಲೆದ್ದ ಹುಳು, ಕೋಶಗಳನ್ನು ಆರಿಸುತ್ತವೆ.

ಮನೆ ಮುಂದಿನ ಹುಲ್ಲುಹಾಸಿಗೆ

ಹೊಲದಲ್ಲಿ ಗಿಡ ಎಳೆದ ಹಾಗೆ ಇಲ್ಲಿ ಹುಲ್ಲನ್ನೇ ಎಳೆದು ನೋಡಿ. ಬೇರು ಹೋಗಿದ್ದರೆ ಹುಲ್ಲಿನ ಪದರ ಚಾಪೆ ಸುತ್ತಿದ ಹಾಗೆ ಮೇಲೆದ್ದು ಬರುತ್ತದೆ. ಕಾಡಂಚಿನ ತೋಟದ ಮನೆಗಳಲ್ಲಿ ಹುಳುವಿಗಾಗಿ ಹಂದಿ ನೆಲ ಮಗುಚಿಬಿಡುತ್ತದೆ. ಹುಳು ತಿಂದದ್ದಕ್ಕಿಂತ ಹಂದಿ ಮಾಡಿದ ಹಾಳೇ ಹೆಚ್ಚು.

ಹುಲ್ಲುಹಾಸು ಸಣ್ಣ ಜಾಗ, ಮಕ್ಕಳು ಉರುಳಾಡುವ ಜಾಗ. ಹಾಗಾಗಿ ರಾಸಾಯನಿಕಕ್ಕಿಂತ ದುಂಡು ಜಂತುಹುಳು ಒಳ್ಳೆಯದು. ಹೆಟೆರೊರಾಬ್ಡಿಟಿಸ್ ಇಂಡಿಕಾ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ಈ ಜಂತು ನಮ್ಮ ನಾಡಿನದೇ. 1992ರಲ್ಲಿ ಹೊಸ ಜಾತಿಯಾಗಿ ವರ್ಣಿತವಾದ ಇದು ಸಿಕ್ಕಿದ್ದು ಕೊಯಮತ್ತೂರಿನಲ್ಲಿ. ಗೊಣ್ಣೆಹುಳುವಿನ ಮೈ ಹೊಕ್ಕು, ತನ್ನೊಳಗಿನ ಬ್ಯಾಕ್ಟೀರಿಯಾ ಬಿಟ್ಟು ಕೊಲ್ಲುತ್ತದೆ. ಸತ್ತ ಹುಳು ಇಟ್ಟಿಗೆ ಕೆಂಪಾಗುತ್ತದೆ. ಮನುಷ್ಯರಿಗೆ, ಹಸುಕರುಗಳಿಗೆ, ಎರೆಹುಳುವಿಗೆ ತೊಂದರೆಯಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದನ್ನು ನೀರಿನಲ್ಲಿ ಕರಗಿಸುವ ಪುಡಿಯ ರೂಪಕ್ಕೆ ತಂದಿದೆ.

ಇದು ಜೀವವಿರುವ ಔಷಧ ಎಂಬುದನ್ನು ಮರೆಯಬಾರದು. ಪೊಟ್ಟಣದ ಮೇಲಿನ ತಾರೀಖು ನೋಡಿ ಕೊಳ್ಳಿ, ಬಿಸಿಲಿನಲ್ಲಿಡಬೇಡಿ. ಜುಲೈನಲ್ಲಿ, ಹುಳು ಇನ್ನೂ ಎಳೆಯದಾಗಿರುವಾಗ, ಮೊದಲು ಹುಲ್ಲಿಗೆ ಚೆನ್ನಾಗಿ ನೀರು ಬಿಟ್ಟು, ಸಂಜೆ ಬಿಸಿಲು ಇಳಿದ ಮೇಲೆ ಜಾಲರಿ ಕ್ಯಾನಿನಿಂದ ಹೊಯ್ದು, ಮತ್ತೆ ನೀರು ಬಿಟ್ಟು ಬೇರಿನವರೆಗೆ ಇಳಿಸಿ. ಮುಂದಿನ ಎರಡು ವಾರ ಮಣ್ಣು ಒಣಗದಿರಲಿ.

ಇನ್ನು ಮುಂಜಾಗ್ರತೆ. ದುಂಬಿ ಮೊಟ್ಟೆಗಾಗಿ ತೇವದ ಮಣ್ಣು ಹುಡುಕುತ್ತದೆ, ಒಣ ಮಣ್ಣಿನಲ್ಲಿ ಮೊಟ್ಟೆ ಉಳಿಯುವುದಿಲ್ಲ. ಮೊದಲ ಮಳೆಯ ನಂತರದ ಮೂರ್ನಾಲ್ಕು ವಾರ ಹುಲ್ಲಿಗೆ ನೀರು ಕಡಿಮೆ ಮಾಡಿ. ಆ ರಾತ್ರಿಗಳಲ್ಲಿ ಹುಲ್ಲಿನ ಮೇಲೆ ಬೀಳುವ ಹೊರದೀಪ ಆರಿಸಿಬಿಡಿ. ಹುಲ್ಲನ್ನು ನೆಲಕಚ್ಚುವಂತೆ ಕತ್ತರಿಸಬೇಡಿ, ಎರಡೂವರೆ ಅಂಗುಲ ಎತ್ತರ ಬಿಟ್ಟರೆ ಬೇರು ಆಳಕ್ಕಿಳಿಯುತ್ತದೆ. ಹಾಳಾದ ಜಾಗಕ್ಕೆ ನಮ್ಮ ಗರಿಕೆಯ ಬಳ್ಳಿ ನೆಟ್ಟರೆ ಬೇಗ ಮುಚ್ಚುತ್ತದೆ.

ಜನ ಎಡವುವುದು ಎಲ್ಲಿ

ಹಸಿ ಸಗಣಿ, ಅರ್ಧ ಕಳಿತ ತಿಪ್ಪೆ ಗೊಬ್ಬರವನ್ನು ಮಳೆಗೆ ಮುಂಚೆ ಹೊಲಕ್ಕೆ ಹರಡುವುದೇ ದೊಡ್ಡ ತಪ್ಪು. ಎಳೆ ಹುಳುವಿಗೆ ಅದೇ ಊಟ. ಗೊಬ್ಬರ ಪೂರ್ತಿ ಕಳಿತಿರಬೇಕು, ಸಾಗಿಸುವಾಗ ಹುಳು ಆರಿಸಿರಬೇಕು.

ಫೋರೇಟ್ ಗುಳಿಗೆ ಹುಡುಕಿಕೊಂಡು ಹೋಗುವವರು ಇನ್ನೂ ಇದ್ದಾರೆ. 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದರ ಮಾರಾಟವೂ ಬಳಕೆಯೂ ನಿಷಿದ್ಧ. ಕೈಗೆ ತಾಗಿದರೂ ಮೈಗಿಳಿಯುವ ಕಟು ವಿಷ ಅದು. ಯಾರಾದರೂ ಹಳೆಯ ದಾಸ್ತಾನು ಕೊಟ್ಟರೆ ತೆಗೆದುಕೊಳ್ಳಬೇಡಿ.

ಹುಲ್ಲುಹಾಸಿಗೆ ಸೋಪಿನ ನೀರು ಹೊಯ್ದರೆ ಹುಳು ಮೇಲೆ ಬರುತ್ತದೆ ಅನ್ನುತ್ತಾರೆ. ಎಲೆ ತಿನ್ನುವ ಕಂಬಳಿಹುಳು ಬಂದೀತು, ಬೇರಿನ ಬಳಿ ಇರುವ ಗೊಣ್ಣೆಹುಳು ಬರುವುದಿಲ್ಲ. ಅಗೆದೇ ನೋಡಬೇಕು.

ಸೆಪ್ಟೆಂಬರ್ ಕೊನೆಯಲ್ಲಿ, ಹುಳು ಪೂರ್ತಿ ಬಲಿತಾಗ, ಕಾಯಿ ಬಲಿಯುತ್ತಿರುವ ಹೊಲಕ್ಕೆ ಔಷಧ ಸುರಿಯುವುದು ಮತ್ತೊಂದು ತಪ್ಪು. ಬಲಿತ ಹುಳು ಬಗ್ಗುವುದಿಲ್ಲ, ಮಣ್ಣಿನೊಳಗಿನ ಕಾಯಿಗೆ ಮಾತ್ರ ವಿಷ ತಾಗುತ್ತದೆ. ಆ ಹೊತ್ತಿಗೆ ಬಾಡಿದ ಗಿಡದ ಬುಡ ಬಗೆದು ಹುಳು ಆರಿಸಿ, ಆ ಜಾಗಕ್ಕೆ ಗುರುತಿಟ್ಟು ಮಾಗಿಯಲ್ಲಿ ಅಲ್ಲಿಂದಲೇ ಉಳುಮೆ ಶುರು ಮಾಡಿ.

ಯಾವ ಹುಳು ಅಂತ ಖಾತ್ರಿಯಾಗದಿದ್ದರೆ ನಾಲ್ಕೈದನ್ನು ಅದೇ ಮಣ್ಣಿನ ಜೊತೆ ತೂತು ಮಾಡಿದ ಡಬ್ಬಿಯಲ್ಲಿ ಹಾಕಿ, ಬಾಡಿದ ಒಂದು ಗಿಡವನ್ನು ಬೇರುಸಹಿತ ಕಟ್ಟಿಕೊಂಡು ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ, ತಿಪಟೂರು ಹತ್ತಿರವಾದರೆ ಕೊನೇಹಳ್ಳಿಯ ಕೇಂದ್ರಕ್ಕೆ ಒಯ್ಯಿರಿ. ಹುಳುವಿನ ಹಿಂಬದಿಯ ಅಡಿಭಾಗದಲ್ಲಿರುವ ಮುಳ್ಳುಗೂದಲಿನ ಸಾಲು ನೋಡಿ ಕೀಟಶಾಸ್ತ್ರಜ್ಞರು ಜಾತಿ ಹೇಳುತ್ತಾರೆ. ಹೋಗಲಾಗದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಕೇಳುವಾಗ ಬಿತ್ತಿದ ದಿನ, ಚದರ ಅಡಿಗೆ ಸಿಕ್ಕ ಹುಳುವಿನ ಲೆಕ್ಕ, ಹುಳುವಿನ ಉದ್ದ ಈ ಮೂರನ್ನು ಬರೆದಿಟ್ಟುಕೊಂಡಿರಿ.